ಬೇಸ್‌ಮೆಂಟಿನ ಬಚ್ಚಲು

ಎಲಿಕಾಟ್ ಸಿಟಿಯ ಗುಡ್ಡದ ಇಳಿಜಾರಿನಲ್ಲಿ ನಾವು ಕೊಂಡ ಹಳೆಯ ಮನೆಯಲ್ಲಿ ನೇರವಾದದ್ದು ಒಂದೂ ಇರಲಿಲ್ಲ. ಬಾಗಿಲು ಮುಚ್ಚಿದರೆ ತೆರೆಯುತ್ತಿರಲಿಲ್ಲ, ತೆರೆದರೆ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಅಡುಗೆಮನೆಯಲ್ಲಿ ಈರುಳ್ಳಿ ಕೈಜಾರಿದರೆ ಉರುಳಿಕೊಂಡು ಹೋಗಿ ಫ್ರಿಜ್ಜಿನ ಅಡಿ ಸೇರುತ್ತಿತ್ತು. ತೊಂಬತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ನಮ್ಮ ಗೆಳೆಯರೆಲ್ಲ ಸೆಂಟರ್‌ವಿಲ್ ಕಡೆ ಹೊಸ ಟೌನ್‌ಹೌಸುಗಳನ್ನು ಕೊಳ್ಳುತ್ತಿದ್ದರು. ನಮ್ಮ ಗೃಹಪ್ರವೇಶಕ್ಕೆ ಬಂದವರು ಹಾಲು ಉಕ್ಕುವುದನ್ನು ನೋಡಲಿಲ್ಲ, ಅದು ಪಾತ್ರೆಯ ಒಂದೇ ಕಡೆಯಿಂದ ಉಕ್ಕಿದ್ದನ್ನು ನೋಡಿದರು.

"ಇಂಜಿನಿಯರ್ ಅಲ್ವಾ ನೀವು, ಎಲ್ಲ ಫಿಕ್ಸ್ ಮಾಡ್ಕೋತೀರಿ ಬಿಡಿ" ಎಂದರು ಒಬ್ಬರು. ನಾನು ಓದಿದ್ದು ಎಲೆಕ್ಟ್ರಾನಿಕ್ಸ್, ಮಾಡುತ್ತಿದ್ದದ್ದು ಸಾಫ್ಟ್‌ವೇರ್. ಆದರೂ ಆ ಮಾತು ತಲೆಗೇರಿತು. ಪ್ಲಂಬರನ್ನು ಕರೆಯುವುದೆಂದರೆ ಸೋತಂತೆ ಎಂದುಕೊಂಡೆ. ತೊಟ್ಟಿಕ್ಕುತ್ತಿದ್ದ ನಲ್ಲಿಗೆ ವಾಷರ್ ಹಾಕಲು ಹೋದಾಗ ನಲ್ಲಿಯೇ ಕಿತ್ತು ಕೈಗೆ ಬಂತು. ಗೋಡೆಗೆ ಒಂದು ಮೊಳೆ ಹೊಡೆದರೆ ಅಂಗೈಯಗಲ ಗಾರೆ ಉದುರಿತು. "ರೀ, ಮೊಳೆ ಹೊಡೀಬೇಡಿ, ಫೋಟೋ ನೆಲದ ಮೇಲೇ ಇರ್ಲಿ" ಎಂದು ಹೆಂಡತಿ ಹೇಳುವ ಸ್ಥಿತಿ ಬಂದಿತ್ತು. ನಾನು ಬಿಡಲಿಲ್ಲ. ಕೆಡಿಸಿದ್ದನ್ನು ನಾನೇ ಸರಿಮಾಡಬೇಕು ಎನ್ನುವ ಹಟ ನನ್ನದು, ಆ ಹಟದಿಂದ ಇನ್ನಷ್ಟು ಕೆಡುತ್ತದೆ ಎಂದು ಗೊತ್ತಿದ್ದರೂ.

ಮಗಳು ಹುಟ್ಟುವ ಹೊತ್ತಿಗೆ ಅತ್ತೆ ಬಾಣಂತನಕ್ಕೆಂದು ಮೈಸೂರಿನಿಂದ ಬಂದರು. ಆರು ತಿಂಗಳು ಇರುವುದೆಂದು ಮಾತಾಗಿತ್ತು. ಅವರು ಅಳಿಯನ ಜೊತೆ ನೇರವಾಗಿ ಮಾತಾಡುವವರಲ್ಲ. ನಾನು ಎದುರಿಗೇ ಕೂತಿದ್ದರೂ "ಅವರಿಗೆ ಇನ್ನೊಂದು ಸೌಟು ಸಾರು ಬೇಕೇನೋ ಕೇಳು" ಎಂದು ತಮ್ಮ ಮಗಳಿಗೆ ಹೇಳುತ್ತಿದ್ದರು. ನನಗೂ ಅದೇ ಅಭ್ಯಾಸವಾಗಿ "ಅತ್ತೆಗೆ ಸಾಕು ಅಂತ ಹೇಳು" ಎನ್ನುತ್ತಿದ್ದೆ. ಮದುವೆಯಾಗಿ ಆರು ವರ್ಷ ಹೀಗೇ ನಡೆದಿತ್ತು, ಯಾರಿಗೂ ತೊಂದರೆಯಾಗಿರಲಿಲ್ಲ.

ಮಹಡಿಯ ಮೇಲಿನ ಬಾತ್‌ರೂಮು ನೋಡಿದ ದಿನ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. "ನೆಲದ ಮೇಲೆ ಬಿದ್ದ ನೀರು ಎಲ್ಲಿಗೆ ಹೋಗತ್ತೆ ಅಂತ ಕೇಳು." ಎಲ್ಲಿಗೂ ಹೋಗುವುದಿಲ್ಲ, ಇಲ್ಲಿ ನೀರು ಟಬ್ಬಿನಲ್ಲೇ ಇರಬೇಕು ಎಂದು ಹೇಳಿ ಕಳಿಸಿದೆ. ಅವರು ತಲೆಯಾಡಿಸಿದರು. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ನಮ್ಮಲ್ಲಿ ಹಸುಗೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವುದಕ್ಕೆ ಒಂದು ಕ್ರಮವಿದೆ. ಅಜ್ಜಿ ಮಣೆಯ ಮೇಲೆ ಕೂತು, ಎರಡೂ ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಚೊಂಬಿನಿಂದ ಬಿಸಿನೀರು ಹುಯ್ಯಬೇಕು. ಆ ವಯಸ್ಸಿನವರು ಟಬ್ಬಿನೊಳಗೆ ಇಳಿದು ಕೂತು, ಕೂಸನ್ನು ಹಿಡಿದು ಏಳುವುದು ಆಗದ ಮಾತು. ಪಕ್ಕದಲ್ಲಿ ಮಂಡಿಯೂರಿದರೆ ನೋವು. ಹೀಗಾಗಿ ನಾನು ಆಫೀಸಿಗೆ ಹೋದ ಮೇಲೆ, ರಜೆಯ ದಿನವಾದರೆ ನಾನು ಮಹಡಿಯಿಂದ ಇಳಿದ ಮೇಲೆ, ಅತ್ತೆ ಬಾತ್‌ರೂಮಿನ ನೆಲದ ಮೇಲೇ ಮಣೆ ಹಾಕಿ ಊರಿನಲ್ಲಿ ಹಾಕುವಂತೆಯೇ ನೀರು ಹಾಕುತ್ತಿದ್ದರು. ಆಮೇಲೆ ನಾಲ್ಕು ಟವೆಲುಗಳಲ್ಲಿ ನೆಲ ಒರೆಸಿ, ಹಿಂಡಿ, ಒಣಗಿಹಾಕುತ್ತಿದ್ದರು. ಟವೆಲಿಗೆ ಸಿಗದ ನೀರನ್ನು ಹಳೆಯ ಟೈಲುಗಳ ಸಂದು ಕುಡಿಯುತ್ತಿತ್ತು. ನನಗೆ ಇದ್ಯಾವುದೂ ತಿಳಿಯದು, ಮನೆಯಲ್ಲಿ ಇಷ್ಟು ಟವೆಲು ಯಾಕೆ ಒಣಗುತ್ತಿವೆ ಎಂದು ಒಮ್ಮೆ ಅಂದುಕೊಂಡಿದ್ದೆ ಅಷ್ಟೇ.

ಮೂರನೆಯ ವಾರ, ಬಾತ್‌ರೂಮಿನ ಕೆಳಗಿದ್ದ ಊಟದ ಕೋಣೆಯ ಸೀಲಿಂಗಿನಲ್ಲಿ ಕಂದು ಕಲೆ ಕಾಣಿಸಿತು. ಹಳೆಯ ಪೈಪು ಸೋರುತ್ತಿದೆ ಎಂದು ಒಂದೇ ನೋಟಕ್ಕೆ ತೀರ್ಪು ಕೊಟ್ಟೆ. ಎರಡು ಶನಿವಾರ ಸಿಕ್ಕ ಸಿಕ್ಕ ಜಾಯಿಂಟನ್ನೆಲ್ಲ ಬಿಗಿಮಾಡಿದೆ. ಕಲೆ ದೊಡ್ಡದಾಯಿತು. ಒಂದು ಭಾನುವಾರ ಮಧ್ಯಾಹ್ನ, ಊಟ ಮುಗಿಸಿ ಎದ್ದು ಹತ್ತು ನಿಮಿಷವಾಗಿರಬೇಕು, ಸೀಲಿಂಗಿನ ಗಾರೆ ಚಾಪೆಯಗಲ ಕಿತ್ತುಕೊಂಡು ಊಟದ ಮೇಜಿನ ಮೇಲೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಅತ್ತೆ ಮೆಟ್ಟಿಲ ಮೇಲೆ ನಿಂತು ಅದನ್ನು ನೋಡಿದರು, ಅವರ ಕೈಯಲ್ಲಿ ಒದ್ದೆ ಟವೆಲಿತ್ತು.

ಆಗ ನನಗೆ ಎಲ್ಲ ಅರ್ಥವಾಯಿತು. ಕೋಪವೂ ಬಂತು. "ನೀರು ಟಬ್ಬಿನಲ್ಲೇ ಇರ್ಬೇಕು ಅಂತ ಹೇಳಿದ್ದೆ ತಾನೆ" ಎಂದುಬಿಟ್ಟೆ, ಹೆಂಡತಿಯ ಕಡೆ ತಿರುಗಿ, ಅತ್ತೆಗೆ ಕೇಳುವ ಹಾಗೆ. ಅಂದು ಬಿದ್ದ ಗಾರೆಯನ್ನು ಒಂದು ಗಂಟೆಯಲ್ಲಿ ಗುಡಿಸಿದೆ. ಆ ಮಾತನ್ನು ಗುಡಿಸಲಾಗಲಿಲ್ಲ, ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಮಾರನೆಯ ದಿನ ಅತ್ತೆ ಮಗಳಿಗೆ ಹೇಳಿದರು, "ಟಿಕೆಟ್ ಮುಂಚೆಗೆ ಬದಲಾಯಿಸೋಕೆ ಹೇಳಮ್ಮ ಅವರಿಗೆ. ಉಪಕಾರಕ್ಕೆ ಅಂತ ಬಂದು ಮನೆ ಕೆಡವಿ ಕೂತ್ಕೊಳ್ಳೋಕೆ ನನಗೆ ಮನಸ್ಸಿಲ್ಲ." ಕೂಸಿಗೆ ನೀರು ಹಾಕುವುದನ್ನು ನಿಲ್ಲಿಸಿಬಿಟ್ಟರು. ನರ್ಸ್ ಹೇಳಿಕೊಟ್ಟಂತೆ ಹೆಂಡತಿ ಒದ್ದೆಬಟ್ಟೆಯಲ್ಲಿ ಮೈ ಒರೆಸತೊಡಗಿದಳು. ಕೂಸಿಗೆ ಅದರಿಂದ ಏನೂ ಆಗಲಿಲ್ಲ, ಸೊರಗಿದ್ದು ಅತ್ತೆ. ದಿನಾ ನೀರು ಹಾಕುವ ಹೊತ್ತಿಗೆ ತಮ್ಮ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

"ಅಮ್ಮ ಹೀಗೆ ಹೊರಟುಹೋದ್ರೆ ಮತ್ತೆ ಈ ಮನೆಗೆ ಕಾಲಿಡಲ್ಲ ಕಣ್ರೀ" ಎಂದಳು ಹೆಂಡತಿ.

ಟ್ರಾವೆಲ್ ಏಜೆಂಟಿಗೆ ಫೋನ್ ಮಾಡಿದೆ. ಮೂರು ವಾರದ ನಂತರ ಸೀಟಿದೆ ಎಂದರು. ಹೋಲ್ಡ್ ಮಾಡಿ, ಕನ್ಫರ್ಮ್ ಬೇಡ ಎಂದೆ. ಆ ಮೂರು ವಾರದೊಳಗೆ ನಮ್ಮ ಮನೆಯಲ್ಲಿ ಒಂದು ಬಚ್ಚಲು ಆಗಬೇಕು, ಅತ್ತೆ ಅದರಲ್ಲಿ ಕೂತು ಮೊಮ್ಮಗಳಿಗೆ ನೀರು ಹಾಕಬೇಕು, ಬೇರೆ ಮಾತಿಲ್ಲ ಎಂದು ತೀರ್ಮಾನಿಸಿದೆ.

ಜಾಗ ಬೇಸ್‌ಮೆಂಟಿನಲ್ಲಿತ್ತು. ಸಿಮೆಂಟಿನ ನೆಲ, ವಾಷಿಂಗ್ ಮಷೀನಿನ ಪಕ್ಕ ಬಿಸಿನೀರಿನ ನಲ್ಲಿ, ಮನೆಯನ್ನೆಲ್ಲ ಬೆಚ್ಚಗಿಡುವ ಫರ್ನೇಸ್ ಅಲ್ಲೇ, ಎಲ್ಲಕ್ಕಿಂತ ಮಿಗಿಲಾಗಿ ನೆಲದಲ್ಲಿ ಜಾಲರಿ ಹಾಕಿದ ಒಂದು ಮೋರಿ. ಕಸ ತೆಗೆದು, ಮೋರಿಗೆ ಕಂಬಿ ಆಡಿಸಿ, ಗೆದ್ದವನಂತೆ ಒಂದು ಬಕೆಟ್ ನೀರು ಸುರಿದೆ. ನೀರು ಮೋರಿಗೆ ಬೆನ್ನು ಹಾಕಿ ಫರ್ನೇಸಿನ ಕಡೆ ಹೊರಟಿತು. ಮನೆಯ ಜೊತೆ ನೆಲವೂ ಆ ಕಡೆಗೇ ಕುಸಿದಿತ್ತು.

ಸಿಮೆಂಟಿನ ಚೀಲ ತಂದೆ. ನೆಲದ ಮಟ್ಟ ಅಳೆಯುವ ರಸಮಟ್ಟದ ಕೋಲು ಇಟ್ಟು ನೋಡಿ, ಇಳಿಜಾರು ಲೆಕ್ಕ ಹಾಕಿ, ಕಾಗದದ ಮೇಲೆ ನಕ್ಷೆ ಬರೆದೆ. ಮೊದಲ ಸಲ ಇಡ್ಲಿಹಿಟ್ಟಿನ ಹದಕ್ಕೆ ಕಲಸಿದೆ, ಒಣಗಿದ ಮೇಲೆ ನೆಲ ಬಿರುಕುಬಿಟ್ಟಿತು. ಒಡೆದು ತೆಗೆದೆ. ಹಾರ್ಡ್‌ವೇರ್ ಅಂಗಡಿಯ ಮುದುಕ ನೀರು ಕಡಿಮೆ ಹಾಕು ಎಂದ. ಎರಡನೆಯ ಸಲ ಬಿರುಕು ಬರಲಿಲ್ಲ, ಆದರೆ ಸರಿಯಾಗಿ ಮಣೆ ಹಾಕುವ ಜಾಗದಲ್ಲೇ ನೀರು ಮಡುಗಟ್ಟಿ ನಿಂತಿತು. ರಸಮಟ್ಟ ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿತ್ತು. ಎರಡು ವಾರ ಮುಗಿದಿತ್ತು. ಅಂಗೈ ತುಂಬ ಬೊಬ್ಬೆ, ಬೆನ್ನು ಬಗ್ಗುತ್ತಿರಲಿಲ್ಲ. ಮತ್ತೆ ಸುತ್ತಿಗೆ, ಉಳಿ ಹಿಡಿದು ಕೂತೆ.

ಒಡೆಯುವ ಸದ್ದಿಗೆ ಅತ್ತೆ ಇಳಿದು ಬಂದರು. ನಿಂತು ನೋಡಿದರು. ಹೆಂಡತಿ ಕೂಸನ್ನೆತ್ತಿಕೊಂಡು ಮೆಟ್ಟಿಲ ಮೇಲ್ತುದಿಯಲ್ಲಿ ನಿಂತಿದ್ದಳು, ಬಾಣಂತಿ ಬೇಸ್‌ಮೆಂಟಿನ ಥಂಡಿಗೆ ಇಳಿಯಬಾರದೆಂದು ಅತ್ತೆಯದೇ ಅಪ್ಪಣೆ.

"ಆ ಅಳತೆಕೋಲು ಬೇಡ ಅನ್ನು" ಎಂದರು ಅತ್ತೆ, ಮೇಲೆ ನೋಡಿ.

"ರೀ, ಅದು ಬೇಡ್ವಂತೆ."

"ಮತ್ತೆ ಹೇಗೆ ಗೊತ್ತಾಗತ್ತೆ ಅಂತ ಕೇಳು" ಎಂದೆ ನಾನು.

"ಅಮ್ಮ, ಹೇಗೆ ಗೊತ್ತಾಗತ್ತಂತೆ."

"ನೀರು ಹುಯ್ದು ನೋಡ್ಬೇಕು ಅಂತ ಹೇಳು."

ನಾವಿಬ್ಬರೂ ಒಂದು ಮಾರು ದೂರದಲ್ಲಿದ್ದೆವು. ಮಾತು ಹದಿಮೂರು ಮೆಟ್ಟಿಲು ಹತ್ತಿ ಇಳಿಯುತ್ತಿತ್ತು. ಕೂಸು ಅಳಲು ಶುರುಮಾಡಿತು. "ನೀವಿಬ್ರೂ ಅಲ್ಲೇ ಇದೀರಲ್ಲ, ನೀವೇ ಮಾತಾಡ್ಕೊಳ್ಳಿ, ನನ್ನ ಕೈಲಾಗಲ್ಲ" ಎಂದು ಹೆಂಡತಿ ಬಾಗಿಲು ಹಾಕಿಕೊಂಡು ಹೋದಳು.

ಅತ್ತೆ ಮೇಲೆ ಹೋಗಿಬಿಡುತ್ತಾರೆ ಎಂದುಕೊಂಡೆ. ಹೋದರು ಕೂಡ. ಹಿಂತಿರುಗಿ ಬಂದಾಗ ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಊರಿಂದ ತಂದಿದ್ದ ರಂಗೋಲಿ ಡಬ್ಬಿ ಇತ್ತು. ನೆಲದ ಮೇಲೆ ನೀರು ಹುಯ್ದು, ಅದು ಹರಡಿ ನಿಲ್ಲುವವರೆಗೆ ಕಾದು, ನಿಂತ ನೀರಿನ ಅಂಚಿನುದ್ದಕ್ಕೂ ರಂಗೋಲಿ ಎಳೆದರು. ತಗ್ಗು ಎಲ್ಲಿದೆ ಎಂಬುದು ಬೆಳ್ಳಗೆ ಎದ್ದು ಕಂಡಿತು. ನನ್ನ ನಕ್ಷೆಯಲ್ಲಿ ಅದು ಇರಲೇ ಇಲ್ಲ.

"ಈ ಗೆರೆ ಒಳಗೆ ಎರಡು ಬೆರಳು ಏರಿಸಿ" ಎಂದರು. ನನಗೆ ಹೇಳಿದರು, ನೇರವಾಗಿ. "ಗೋಡೆ ಕಡೆ ಇನ್ನೂ ಒಂದು ಬೆರಳು. ನಮ್ಮನೆ ಬಚ್ಚಲು ಮಾಡುವಾಗ ಗಾರೆಯವನ ತಲೆ ಮೇಲೇ ನಿಂತಿದ್ದೆ, ಮೂರು ಸಲ ಕೀಳಿಸಿದ್ದೆ."

"ನಂದೂ ಮೂರನೇದು ಅತ್ತೆ" ಎಂದೆ. ಅವರು ನಗಲಿಲ್ಲ, ಆದರೆ ಮೇಲಕ್ಕೂ ಹೋಗಲಿಲ್ಲ. ತಲೆಕೆಳಗು ಮಾಡಿದ ಬಕೆಟ್ಟಿನ ಮೇಲೆ ಕೂತು ಆ ಸಂಜೆಯೆಲ್ಲ ನನ್ನ ಕೈಯಿಂದ ಕೆಲಸ ಮಾಡಿಸಿದರು. ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು, ಯಾವಾಗ ಸುಮ್ಮನಿರಬೇಕು ಎಂದು ಹೇಳಿಸಿಕೊಂಡೆ. ಅಂದು ಮಾತ್ರ ನನಗೆ ಹಟ ಬರಲಿಲ್ಲ.

ಐದು ದಿನ ಒಣಗಲು ಬಿಟ್ಟೆವು. ಆರನೆಯ ದಿನ ಬೆಳಿಗ್ಗೆ ಆಫೀಸಿಗೆ ರಜೆ ಹಾಕಿ ಮಣೆ ಇಳಿಸಿದೆ, ಬಕೆಟ್ಟಿಗೆ ಬಿಸಿನೀರು ಬಿಟ್ಟೆ. ಅತ್ತೆ ಸೀರೆಯನ್ನು ಮಂಡಿಗೆ ಎತ್ತಿಕಟ್ಟಿ ಕೂತು ಕಾಲು ಚಾಚಿದರು. ಎಣ್ಣೆ ಮಿಂಚುತ್ತಿದ್ದ ಕೂಸು ಮೊದಲ ಚೊಂಬಿಗೆ ಕಿರುಚಿತು, ಎರಡನೆಯದಕ್ಕೆ ಸುಮ್ಮನಾಯಿತು. ನಾನು ಕೂಸನ್ನು ನೋಡಲಿಲ್ಲ, ನೀರನ್ನು ನೋಡುತ್ತಿದ್ದೆ. ಅದು ಮಣೆಯನ್ನು ಬಳಸಿ, ಗೋಡೆಗೆ ಒಂದಿಷ್ಟು ತಾಗಿ, ಸುತ್ತಿ ಬಂದು ಮೋರಿಗೆ ಇಳಿಯಿತು. ನನಗೆ ಕಣ್ಣು ತುಂಬಿ ಬಂತು, ಸಿಮೆಂಟಿನ ನೆಲ ನೋಡಿ ಅತ್ತದ್ದು ಅದೊಂದೇ ಸಲ.

ಕೂಸನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಗೆ ಕೊಡುತ್ತ ಅತ್ತೆ ಕೇಳಿದರು, "ಮೇಲಿನ ಸೀಲಿಂಗ್ ಯಾವಾಗ ಮಾಡ್ತೀರಿ?"

"ಮಾಡ್ಬೇಕು ಅತ್ತೆ."

"ಅದು ಮುಗಿಯೋ ತನಕ ನಾನು ಹೋಗೋ ಹಾಗಿಲ್ಲ. ನಾನು ಕೆಡಿಸಿದ್ದು ಸರಿಯಾಗಿದ್ದನ್ನ ನೋಡ್ಕೊಂಡೇ ಹೋಗ್ತೀನಿ."

ಏಜೆಂಟಿಗೆ ಫೋನ್ ಮಾಡಿ ಆ ಸೀಟು ಬೇಡ ಎಂದೆ. ಸೀಲಿಂಗು ನಾಲ್ಕು ಶನಿವಾರದ ಕೆಲಸ. ನಾನು ಅದನ್ನು ನಾಲ್ಕು ತಿಂಗಳು ಎಳೆದೆ.