ಮಾಡದೊಳಗಿನ ಬಿಳಿ ಚೆಂಡು

ಬೈಲಹೊಂಗಲದ ನಮ್ಮ ಮನೆಯ ದೇವರ ಮಾಡದಲ್ಲಿ, ಅಂದರೆ ಗೋಡೆಯ ಗೂಡಿನಲ್ಲಿ, ವಿಭೂತಿ ಉಂಡೆಯ ಪಕ್ಕದಲ್ಲೇ ಒಂದು ಗಾಲ್ಫ್ ಚೆಂಡಿದೆ ಎಂದರೆ ನೀವು ನಗುತ್ತೀರಿ, ನಗಬೇಕಾದದ್ದೇ. ಕಳೆದ ಶ್ರಾವಣದಲ್ಲಿ ಪೂಜೆಗೆ ಬಂದ ಅಯ್ಯನವರು ಕಣ್ಣು ಮುಚ್ಚಿಕೊಂಡೇ ಕೈ ಚಾಚಿ, ಅದರ ಮೇಲೆ ಮೂರು ಬೆರಳು ಎಳೆದು, ಬೆರಳಿಗೆ ಏನೂ ಹತ್ತದೆ ಕಣ್ಣು ತೆರೆದು ನನ್ನನ್ನು ದುರುಗುಟ್ಟಿ ನೋಡಿದರು. ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದರು. ಅಣ್ಣ ಹೋದ ಮೇಲೆ ಅವರು ನಕ್ಕದ್ದೇ ಅಪರೂಪವಾದ್ದರಿಂದ ಅಯ್ಯನವರ ಸಿಟ್ಟನ್ನು ನಾನು ಪ್ರಸಾದವೆಂದೇ ಸ್ವೀಕರಿಸಿದೆ.

ಅಣ್ಣ ಸೈನ್ಯದಲ್ಲಿ ಅಧಿಕಾರಿಯಾಗಿದ್ದ. ಹೋದ ಹೋದ ಊರಿನ ದಂಡಿನ ಮೈದಾನಗಳಲ್ಲಿ ಗಾಲ್ಫ್ ಕಲಿತು, ರಜೆಗೆ ಬಂದಾಗಲೆಲ್ಲ ಚಚಡಿಯ ಹತ್ತಿರದ ನಮ್ಮ ಕಪ್ಪು ಮಣ್ಣಿನ ಎರೆ ಹೊಲದಲ್ಲಿ ನನಗೂ ಕಲಿಸಿದ. ಜೋಳ ಕೊಯ್ದು ಉಳಿದ ಕೂಳೆಗಳ ನಡುವೆ ಕುಳಿ ತೋಡಿ, ತೊಗರಿ ಕಟ್ಟಿಗೆಗೆ ತನ್ನ ಕರವಸ್ತ್ರ ಕಟ್ಟಿ ನೆಟ್ಟರೆ ಅದೇ ನಮ್ಮ ಮೈದಾನ. ಬೇಸಗೆಯಲ್ಲಿ ಎರೆಭೂಮಿ ಬಾಯಿ ಬಿಡುತ್ತದಲ್ಲ, ಆ ಬಿರುಕಿಗೆ ಬಿದ್ದ ಚೆಂಡು ತೋಳಿನವರೆಗೆ ಕೈ ಇಳಿಸಿದರೂ ಸಿಗುತ್ತಿರಲಿಲ್ಲ. "ಹೋಗ್ಲಿ ಬಿಡ ತಂಗೀ, ಭೂಮಿತಾಯಿ ಇಸ್ಕೊಂಡಾಳ, ಹೊಳ್ಳಿ ಕೊಡ್ತಾಳ" ಎನ್ನುತ್ತಿದ್ದ ಅಣ್ಣ. ವೈನಿ ಬುತ್ತಿ ಬಿಚ್ಚುತ್ತ, "ಕಸಾ ತಗಿಯೂದು ಬಿಟ್ಟು ಅಣ್ಣಾ ತಂಗಿ ಗುಂಡ ಹೊಡೀಲಿಕ್ಕೆ ಹತ್ಯಾರ ನೋಡ್ರಿ" ಎಂದು ಇಬ್ಬರನ್ನೂ ಚುಡಾಯಿಸುತ್ತಿದ್ದರು. ಸ್ಪೇನಿನ ದಕ್ಷಿಣ ಕರಾವಳಿಯಲ್ಲಿ, ಜಗತ್ತಿನ ದೊಡ್ಡ ಪಂದ್ಯಗಳು ನಡೆಯುವ ಒಂದು ಮೈದಾನದ ಚಿತ್ರ ಅಣ್ಣನ ಕೋಣೆಯ ಗೋಡೆಯ ಮೇಲಿತ್ತು. ಅವನು ನಿವೃತ್ತನಾದ ಮೇಲೆ ನಾವು ಮೂವರೂ ಅಲ್ಲಿಗೆ ಹೋಗುವುದೆಂದು ನಿಶ್ಚಯವಾಗಿತ್ತು.

ಅಷ್ಟರಲ್ಲಿ ಕೊರೊನಾ ಬಂತು. ಆಸ್ಪತ್ರೆಗೆ ನಡೆದುಕೊಂಡೇ ಹೋದ ಅಣ್ಣ ತಿರುಗಿ ಬರಲಿಲ್ಲ. ನಮ್ಮಲ್ಲಿ ಸತ್ತವರನ್ನು ಕುಳ್ಳಿರಿಸಿ ಸಮಾಧಿ ಮಾಡುತ್ತೇವೆ. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿಯೇ ಹಿಂದಿರುಗುವುದು. ಮಣ್ಣು ಕೊಡುವುದು ಎನ್ನುತ್ತೇವೆ ಅದಕ್ಕೆ. ಅಣ್ಣನಿಗೆ ಮಣ್ಣು ಕೊಟ್ಟವರು ಮೈತುಂಬ ಪ್ಲಾಸ್ಟಿಕ್ ತೊಟ್ಟ, ಮುಖ ಕಾಣದ ಜನ. ನಾವು ಗೇಟಿನಾಚೆ ನಿಂತಿದ್ದೆವು. ವೈನಿ ಮುಷ್ಟಿಯಲ್ಲಿ ಹಿಡಿದಿದ್ದ ಮಣ್ಣು ಮನೆಯವರೆಗೂ ಹಾಗೆಯೇ ಬಂತು. "ಇದನ್ನ ಎಲ್ಲಿ ಹಾಕ್ಲಿ ತಂಗೀ?" ಎಂದು ಕೇಳಿದರು. ಅಂದಿನಿಂದ ಓಣಿಯಲ್ಲಿ ಯಾರು ತೀರಿಕೊಂಡರೂ ವೈನಿ ಮಣ್ಣಿಗೆ ಹೋಗುವುದನ್ನು ಬಿಟ್ಟರು. ಗಂಡನಿಗೆ ಕೊಡದ ಕೈ ಇನ್ನೊಬ್ಬರಿಗೆ ಹೇಗೆ ಕೊಟ್ಟೀತು ಎಂಬುದು ಅವರ ಕೊರಗು. ಮುಂಗಾರಿಗೆ ಹೊಲ ಹರಗುವಾಗ ಕುಂಟೆಗೆ ಈ ಚೆಂಡು ಸಿಕ್ಕಿತು. ಭೂಮಿತಾಯಿ ಹೊಳ್ಳಿ ಕೊಟ್ಟದ್ದು ಅದೊಂದನ್ನೇ. ವೈನಿ ಅದನ್ನು ತೊಳೆದು, ಒರೆಸಿ, ಮಾಡದಲ್ಲಿಟ್ಟರು.

ಸ್ಪೇನಿಗೆ ಹೋಗೋಣವೆಂದು ಹಟ ಹಿಡಿದವರೂ ಅವರೇ. ಚಿತ್ರದಲ್ಲಿದ್ದಂತೆಯೇ ಇತ್ತು ಆ ಜಾಗ: ಬಾಟಲಿಯ ಬಿರಡೆಗೆಂದು ತೊಗಟೆ ಸುಲಿಸಿಕೊಂಡು ಕೆಂಪಗೆ ನಿಂತ ಮರಗಳು, ದೂರದಲ್ಲಿ ಸಮುದ್ರ, ಕಾಲಿಡಲು ಸಂಕೋಚವಾಗುವಷ್ಟು ನುಣುಪಾದ ಹುಲ್ಲು. ವೈನಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡೇ ನಡೆದರು. ಇಷ್ಟು ಚೆಂದದ ಜಾಗವನ್ನು ನೋಡಬೇಕಾದವನು ನೋಡಲಿಲ್ಲ. ಮನೆಯಿಂದ ತಂದಿದ್ದ ಮಾಡದ ಚೆಂಡನ್ನೇ ಇಟ್ಟು ಹೊಡೆದೆ. ಅದು ಅಲ್ಲೇ ಮಾರು ದೂರ ಹೊರಳಿತು. ಅದರ ಬದಲು ಅಂಗೈಯಗಲದ ಹುಲ್ಲಿನ ಹೆಂಟೆ ಕಿತ್ತು ಹಾರಿತು.

ಹಾಗೆ ಕಿತ್ತದ್ದನ್ನು ಮರಳಿ ಅದು ಎದ್ದ ಕುಳಿಯಲ್ಲಿಟ್ಟು, ಮೇಲೊಂದಿಷ್ಟು ಮರಳುಮಣ್ಣು ಸುರಿದು, ಕಾಲಿನಿಂದ ತುಳಿದು ಮುಂದೆ ಹೋಗುವುದು ಆ ಆಟದ ರೀತಿ. ನಮ್ಮ ಜೊತೆ ಆಡುತ್ತಿದ್ದ ಆ ಊರಿನ ಹಿರಿಯ ಹೆಂಗಸು ಮಣ್ಣಿನ ಬಾಟಲಿ ನೀಡಿ, ತುಳಿಯಿರಿ ಎಂದು ತನ್ನ ಬೂಟಿನಿಂದ ಸನ್ನೆ ಮಾಡಿದಳು. ನಾನು ಕಾಲೆತ್ತಿದ್ದೆ. "ತುಳೀಬ್ಯಾಡ!" ಎಂದು ವೈನಿ ನನ್ನ ಕೈ ಹಿಡಿದೆಳೆದರು. ಮೊಣಕಾಲೂರಿ ಕುಳಿತು, ಬಾಟಲಿಯ ಮಣ್ಣನ್ನು ಮೊದಲು ಮುಷ್ಟಿಗೆ ಸುರಿದುಕೊಂಡು, ಅಲ್ಲಿಂದ ಮೆಲ್ಲಗೆ ಕುಳಿಗೆ ಬಿಟ್ಟರು. ಅಂಗೈಯಿಂದ ಒತ್ತಿದರು. ತುಟಿ ಅಲುಗುತ್ತಿತ್ತು. ಆ ಹೆಂಗಸು ಏನನ್ನು ಕಂಡಳೋ, ತನ್ನ ಟೋಪಿ ತೆಗೆದಳು. ನಾನು ನಾಚಿಕೆ ಬಿಟ್ಟು ಅತ್ತೆ. ಅಲ್ಲಿಂದ ಮುಂದೆ ಹೊಡೆತ ನನ್ನದು, ಮಣ್ಣು ವೈನಿಯದು. ಬೇರೆ ಯಾರೋ ಕಿತ್ತು ಮರೆತುಹೋದ ಕುಳಿಗಳನ್ನೂ ಅವರು ಬಿಡಲಿಲ್ಲ.

ಮರಳಿ ಬಂದ ವಾರವೇ ಓಣಿಯ ಹಿರಿಯರೊಬ್ಬರು ತೀರಿಕೊಂಡರು. ಯಾರೂ ಕರೆಯದಿದ್ದರೂ ವೈನಿ ಎದ್ದು ಮಣ್ಣಿಗೆ ಹೋದರು. ಎದೆಯ ಭಾರ ಇಳಿಯಿತೆಂದು ನಾನು ಸಮಾಧಾನಪಟ್ಟುಕೊಂಡೆ. ಪರದೇಶದ ಹಿಡಿ ಮಣ್ಣಿಗೆ ಅಷ್ಟು ಶಕ್ತಿಯಿದೆಯೆಂದು ನಂಬುವ ಆಸೆ ನನಗೂ ಇತ್ತು. ಅವರು ಬಂದು ಸ್ನಾನ ಮಾಡಿ, ಮಾಡದ ಮುಂದೆ ಕುಳಿತು ಚೆಂಡನ್ನು ಕೈಗೆತ್ತಿಕೊಂಡರು. ಅದರ ಮೈಯ ಒಂದು ತಗ್ಗಿನಲ್ಲಿ ಸ್ಪೇನಿನ ಮಣ್ಣು ಇನ್ನೂ ಅಂಟಿಕೊಂಡಿತ್ತು. ಉಳಿದದ್ದನ್ನೆಲ್ಲ ಸೆರಗಿನಿಂದ ಒರೆಸಿ, ಅದೊಂದನ್ನು ಹಾಗೇ ಬಿಟ್ಟು, ಚೆಂಡನ್ನು ವಿಭೂತಿಯ ಪಕ್ಕಕ್ಕೆ ಇಟ್ಟರು.

"ಎಲ್ಲಾರಿಗೂ ಮಣ್ಣ ಕೊಟ್ಟೆ ತಂಗೀ," ಎಂದರು. "ನಿಮ್ಮಣ್ಣಾರಿಗೊಬ್ಬರಿಗೆ ಕೊಡಲಿಲ್ಲ ನೋಡು."