ಬೆಕ್ಕು ಹೊತ್ತ ರಾಕೆಟ್

ತೆಲಂಗಾಣ ಚಳವಳಿ ಜೋರಾಗಿದ್ದ ವರ್ಷಗಳಲ್ಲಿ ನಾನು ಕರ್ನಾಟಕದ ಗಡಿಗೆ ಹತ್ತಿದ ನಾರಾಯಣಖೇಡದ ಕಡೆ ಒಂದು ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಇವತ್ತು ಶಾಲೆ ನಡೆದರೆ ನಾಳೆ ಬಂದ್. ಅಂಥದರಲ್ಲಿ ಜಹೀರಾಬಾದಿನಲ್ಲಿ ವಿಜ್ಞಾನ ಪ್ರದರ್ಶನವೊಂದು ನಿಗದಿಯಾಯಿತು. ಎಲ್ಲರೂ ಚಂದ್ರನಿಗೆ ಹೋಗುವ ರಾಕೆಟ್ಟನ್ನೇ ಮಾಡುತ್ತಾರೆಂದು ನಾನು ಹಟ ಹಿಡಿದು ಬೇರೆಯದನ್ನು ಆರಿಸಿದೆ. ಫ್ರಾನ್ಸ್ ದೇಶದವರು ಹಿಂದೆ ಹಾರಿಸುತ್ತಿದ್ದ, ದ್ರವ ಇಂಧನದ ಸಣ್ಣ ರಾಕೆಟ್ ಅದು. ಭೂಮಿಯನ್ನು ಸುತ್ತುವುದಿಲ್ಲ. ನೆಟ್ಟಗೆ ಮೇಲೆ ಹೋಗಿ, ಅಲ್ಲಿನ ಹವೆಯ ಸಮಾಚಾರ ತಿಳಿದುಕೊಂಡು, ಕೆಲವೇ ನಿಮಿಷಗಳಲ್ಲಿ ಕೆಳಗೆ ಬರುತ್ತದೆ.

ನೀರಿನ ಪೈಪಿನ ಒಂದು ಪಕ್ಕ ಸೀಳಿ ಒಳಗೆ ಎರಡು ಬಾಟಲಿ ಕೂರಿಸಿದೆ. ನಿಜವಾದದ್ದರಲ್ಲಿ ಕೂಡಿ ಉರಿಯುವ ಆಮ್ಲದ ಬದಲು ಅರಿಶಿನದ ನೀರು, ಟರ್ಪೆಂಟೈನ್ ಎಣ್ಣೆಯ ಬದಲು ನೀಲಿ ನೀರು. ಎರಡಕ್ಕೂ ದವಾಖಾನೆಯಿಂದ ಬೇಡಿ ತಂದ ಸಲಾಯಿನ್ ನಳಿಕೆ. ರಾಕೆಟ್ಟು ನನಗಿಂತ ಒಂದು ಗೇಣು ಉದ್ದವಾಯಿತು. ಬಸ್ಸಿನ ಕಂಡಕ್ಟರ್ ಅದನ್ನು ಹತ್ತಿಸಿಕೊಳ್ಳಲಿಲ್ಲ. ಟಂಟಂ ಆಟೊದಲ್ಲಿ ಅಡ್ಡ ಮಲಗಿಸಿಕೊಂಡು ಹೊರಟೆ.

ಅರ್ಧ ದಾರಿಯಲ್ಲಿ ರಸ್ತೆ ತಡೆದಿದ್ದರು. ಹೋರಾಟದವರು ನಡುರಸ್ತೆಯಲ್ಲೇ ಒಲೆ ಹೂಡಿ ಅಡುಗೆಗೆ ಕೂತಿದ್ದರು. ಇದೇನು ತೋಪೇ ಎಂದು ಒಬ್ಬ ಕೇಳಿದ. ರಾಕೆಟ್ಟು ಎಂದೆ. ದಿಲ್ಲಿಗೆ ಮುಟ್ಟುತ್ತದೆಯೇ ಎಂದು ಇನ್ನೊಬ್ಬ ಕೇಳಿದ್ದಕ್ಕೆ ಎಲ್ಲರೂ ನಕ್ಕರು. ಊಟವಾಗುವ ತನಕ ಗಾಡಿ ಬಿಡುವುದಿಲ್ಲ, ಅಲ್ಲಿವರೆಗೆ ಇದರ ಕಥೆ ಹೇಳಿ ಎಂದರು. ಬೇವಿನ ಮರಕ್ಕೆ ಅದನ್ನು ಕಟ್ಟಿ ನಿಲ್ಲಿಸಿ ಪಾಠ ಶುರು ಮಾಡಿದೆ. ಮದ್ದು ತುಂಬಿದ ರಾಕೆಟ್ಟಿಗೆ ಒಮ್ಮೆ ಬೆಂಕಿ ಹತ್ತಿದರೆ ನಿಲ್ಲಿಸಲಾಗದು, ಇದನ್ನಾದರೆ ನಲ್ಲಿ ತಿರುಗಿಸಿ ನಿಲ್ಲಿಸಬಹುದು ಎಂದು ನೀರು ಹರಿಯಬಿಟ್ಟು, ನಳಿಕೆಯ ಗಾಲಿ ತಿರುಗಿಸಿ ತೋರಿಸಿದೆ. ನಿಲ್ಲಲಿಲ್ಲ. ಆಮ್ಲವೂ ಎಣ್ಣೆಯೂ ಕೂಡಿ ಹಸಿರಾಗಿ ನನ್ನ ಸೀರೆಯ ಮೇಲೆ ಸುರಿದವು.

ಒಮ್ಮೆ ಇಂಥದರಲ್ಲಿ ಬೆಕ್ಕೊಂದನ್ನೂ ಮೇಲೆ ಕಳಿಸಿದ್ದರು ಎಂದಾಗ, ಬದನೆಕಾಯಿ ಹೆಚ್ಚುತ್ತಿದ್ದ ಕುರಿಗಾರರ ಮನೆಯ ಮುದುಕಿ ಕೈ ನಿಲ್ಲಿಸಿದಳು.

"ಬೆಕ್ಕಿಗೆ ಯಾರರ ಕೇಳಿದ್ರೇನ್ರಿ, ಅಕ್ಕೋರೆ?"

ಇಲ್ಲ ಎಂದೆ. ಜೀವಂತವಾಗಿಯೇ ಇಳಿಯಿತೆಂದು ಬೇಗ ಸೇರಿಸಿದೆ.

"ಆಮ್ಯಾಗ ಏನಾತ್ರಿ ಅದಕ್ಕ?"

ಕೆಲವು ತಿಂಗಳ ನಂತರ, ಮಿದುಳು ಪರೀಕ್ಷಿಸಲೆಂದು ಅದನ್ನು ಕೊಂದಿದ್ದರು. ಅದು ನನಗೆ ಗೊತ್ತಿತ್ತು. ವಿಜ್ಞಾನ ಕಲಿಸುವವಳು ಸುಳ್ಳು ಹೇಳಬಾರದೆಂಬುದೂ ಗೊತ್ತಿತ್ತು. ಮುದುಕಿಯ ಮುಖ ನೋಡಿದೆ.

"ಹಾಲು ಕುಡ್ದು ಆರಾಮ ಇತ್ತು, ಆಯಿ," ಎಂದೆ.

ಅಷ್ಟರಲ್ಲಿ ಹೆಡ್‌ಮಾಸ್ತರರ ಫೋನು ಬಂತು: ಪ್ರದರ್ಶನ ಮುಂದಕ್ಕೆ ಹೋಗಿದೆ. ನಾನೂ ನಿಶ್ಚಿಂತೆಯಿಂದ ಪಂಕ್ತಿಯಲ್ಲಿ ಕೂತೆ. ಆಗ ಬಂದು ನಿಂತ ಲಾರಿಯ ಡ್ರೈವರ್ ಮರಕ್ಕೆ ಕಟ್ಟಿದ್ದು ಏನೆಂದು ಕೇಳಿದ. ನನ್ನ ಬಾಯಿ ತುಂಬ ಅನ್ನವಿತ್ತು. ಮುದುಕಿಯೇ ಎದ್ದು ಪಾಠ ಹೇಳಿದಳು. ಆಮ್ಲ, ಎಣ್ಣೆ, ನಲ್ಲಿ, ಒಂದೂ ತಪ್ಪಲಿಲ್ಲ. ಕೊನೆಗೆ, ಬೆಕ್ಕು ಇಳಿದು ಬಂದು ನಾಲ್ಕು ಮರಿ ಹಾಕಿತು ಎಂದಳು.

ಯಾವ ಬಣ್ಣದವು ಎಂದು ಡ್ರೈವರ್ ಕೇಳಿದ. ಮುದುಕಿ ನನ್ನ ಕಡೆ ನೋಡಿದಳು.

"ಎರಡು ಕರಿಯವು," ಎಂದೆ ನಾನು.