ಮಗಳ ಕೋನಮಾಪಕ

ಗೆಳೆಯರೇ, ನಾನು ಪೈಪು ಬಗ್ಗಿಸಿ ರೇಲಿಂಗ್ ಮಾಡುವವನು. ಆದರೂ ಕೋನ ಅಳೆಯುವ ಸಾಧನ ಕೊಳ್ಳಲು ಜಿಪುಣತನ. ಇವತ್ತು ಬೆಳಿಗ್ಗೆ ಮಗಳ ಜಾಮಿಟ್ರಿ ಬಾಕ್ಸಿನಿಂದ ಪ್ಲಾಸ್ಟಿಕ್ ಕೋನಮಾಪಕ ತೆಗೆದು, ನಡುವೆ ತೂತು ಕೊರೆದು, ಎರಡು ಕಬ್ಬಿಣದ ಪಟ್ಟಿಗಳನ್ನು ಬೋಲ್ಟು ಹಾಕಿ ಬಿಗಿದೆ. ಬೆಳಗೊಳದ ಮನೆಯೊಂದರ ಮೆಟ್ಟಿಲಿಗೆ ಪೈಪು ಸರಿಯಾಗಿ ಕೂತಿತು. ಬೀಗುತ್ತಾ ಮನೆಗೆ ಬಂದೆ.

ಮಗಳು ಬಾಗಿಲಲ್ಲೇ ಕೇಳಿದಳು. "ಅಪ್ಪ, ನನ್ ಕೋನಮಾಪಕ ನೀನ್ ತಗೊಂಡ್ಯಾ? ಇವತ್ತು ಗಣಿತ ಪರೀಕ್ಷೆ ಇತ್ತು."

"ಪಕ್ಕದೋಳತ್ರ ಈಸ್ಕಬೇಕಿತ್ತು ಕಣವ್ವ."

"ಮೇಡಮ್ಮು ಬುಡ್ನಿಲ್ಲ. ತ್ರಿಭುಜಾನ ಅಂದಾಜಲ್ಲೇ ಬರ್ದೆ."

ಅವಳು ಬೈದಿದ್ದರೆ ನನ್ನ ಮನಸ್ಸು ಹಗುರಾಗುತ್ತಿತ್ತು. ಬೈಯಲಿಲ್ಲ. ಆಗಲೇ ಶ್ರೀರಂಗಪಟ್ಟಣದ ಪೇಟೆಗೆ ಓಡಿ ಹೊಸ ಬಾಕ್ಸನ್ನೇ ತಂದುಕೊಟ್ಟೆ. ಅವಳು ತೆರೆದು ನೋಡಿ, ಮೆಲ್ಲಗೆ ಮುಚ್ಚಿಟ್ಟು ಹೇಳಿದಳು:

"ನಾಳೆ ಕನ್ನಡ ಪರೀಕ್ಷೆ ಕಣಪ್ಪ."